ಕಬ್ಬು ಹೊತ್ತ ಟ್ರೇಲರ್‌ಗೆ ಕಾಳಿನ ಕೆಲಸ

ಗೋವಿನಜೋಳವನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಹೊತ್ತು ಏರಿಸಿ, ಮಾರುಕಟ್ಟೆಯಲ್ಲಿ ಮತ್ತೆ ಇಳಿಸುವ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಚೀಲ ಹಿಡಿಯುವ ಆಳು ಬಾರದಿದ್ದ ದಿನ ರಾಶಿ ಯಂತ್ರ ಕಣದಲ್ಲಿ ಸುಮ್ಮನೆ ನಿಲ್ಲುತ್ತದೆ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಕಾಳನ್ನು ಯಂತ್ರದ ಬಾಯಿಯಿಂದ ನೇರವಾಗಿ ಟ್ರೇಲರ್‌ಗೇ ಬೀಳಿಸಿ, ಬಿಡಿಯಾಗಿಯೇ ಲೋಕಾಪುರದ ವೇಬ್ರಿಡ್ಜ್‌ಗೆ ಒಯ್ಯುವುದೆಂದು ನಾನೂ ಅಣ್ಣನೂ ಮಾತಾಡಿಕೊಂಡೆವು. ನಮ್ಮ ಹೊಲ ಬಾಗಲಕೋಟೆ ತಾಲ್ಲೂಕಿನ ಕಲಾದಗಿ ಕಡೆ. ಒಂದಿಷ್ಟು ಎರೆ, ಒಂದಿಷ್ಟು ಮಸಾರಿ. ಮುಂಗಾರಿಗೆ ಗೋವಿನಜೋಳ, ಹಿಂಗಾರಿಗೆ ಕಡಲೆ, ಬಿಳಿಜೋಳ. ಮನೆಯಲ್ಲಿದ್ದ ಎರಡು ಗಾಲಿಯ ಟ್ರೇಲರ್ ತಿಪ್ಪೆಗೊಬ್ಬರಕ್ಕೆ ಸಾಕು, ಕಾಳಿಗೆ ಸಾಲದು.

ಎಷ್ಟು ದೊಡ್ಡದು ಬೇಕು ಎಂಬುದನ್ನು ಕಣ್ಣಳತೆಗೆ ಬಿಡದೆ ಲೆಕ್ಕ ಹಾಕಿದೆವು. ಒಣಗಿದ ಗೋವಿನಜೋಳ ಒಂದು ಘನ ಮೀಟರಿಗೆ ಸುಮಾರು 720 ಕಿಲೋ ತೂಗುತ್ತದೆ. ಅಂದರೆ ಒಂದು ಘನ ಅಡಿಗೆ 20 ಕಿಲೋಗಿಂತ ತುಸು ಹೆಚ್ಚು. ಗೋಧಿ, ಕಡಲೆ ಅದಕ್ಕಿಂತ ಭಾರ. ಸೂರ್ಯಕಾಂತಿ ಅದರ ಅರ್ಧದಷ್ಟು. 12 ಅಡಿ ಉದ್ದ, ಆರೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರದ ಡಬ್ಬಿಗೆ 195 ಘನ ಅಡಿ ಹಿಡಿಯುತ್ತದೆ. ಗೋವಿನಜೋಳದ ಲೆಕ್ಕದಲ್ಲಿ ಹತ್ತಿರ ಹತ್ತಿರ 4 ಟನ್. ಪಕ್ಕದ ತಗಡಿನ ಮೇಲೆ ಇನ್ನೂ ಒಂದೂವರೆ ಅಡಿ ಏರಿಸಿದರೆ 6 ಟನ್ ದಾಟುತ್ತದೆ. ಅಣ್ಣನ ಮನಸ್ಸು ಮೊದಲಿನಿಂದಲೂ ಆ ಒಂದೂವರೆ ಅಡಿಯ ಮೇಲೆಯೇ ಇತ್ತು.

ನನ್ನ ತಕರಾರು ಬೇರೆ. ನಮ್ಮದು 45 ಅಶ್ವಶಕ್ತಿಯ ಟ್ರ್ಯಾಕ್ಟರ್. ಮಟ್ಟಸ ರಸ್ತೆಯಲ್ಲಿ ಅದು 8 ಟನ್ನನ್ನೂ ಎಳೆಯುತ್ತದೆ. ಎಳೆಯುವುದು ದೊಡ್ಡ ಮಾತೇ ಅಲ್ಲ. ಇಳಿಜಾರಿನಲ್ಲಿ ನಿಲ್ಲಿಸುವವರು ಯಾರು? ನಮ್ಮ ಕಡೆಯ ಟ್ರೇಲರ್‌ಗಳಲ್ಲಿ ಬಹುಪಾಲಿಗೆ ಸ್ವಂತ ಬ್ರೇಕೇ ಇಲ್ಲ. ಸುಮಾರು 2 ಟನ್ ತೂಕದ ಟ್ರ್ಯಾಕ್ಟರ್‌ನ ಎರಡು ಹಿಂಗಾಲಿಗಳ ಬ್ರೇಕು ತನ್ನ ಮೂರು, ನಾಲ್ಕು ಪಟ್ಟು ತೂಕವನ್ನು ತಡೆಯಬೇಕು. ತಡೆಯದಿದ್ದರೆ ಹಿಂದಿನದು ಮುಂದಿನದನ್ನು ಅಡ್ಡ ತಳ್ಳಿ ಮಡಚುತ್ತದೆ. ಹಾಗಾಗಿ ದೊಡ್ಡ ಡಬ್ಬಿ ಬೇಕೆಂದರೂ ಅದನ್ನು ತುಂಬುವ ಗೆರೆ ಟ್ರ್ಯಾಕ್ಟರ್‌ನ ಬ್ರೇಕು ನೋಡಿ ಎಳೆಯಬೇಕು ಎಂಬುದು ನನ್ನ ಹಟ. ಎತ್ತರದ ತಗಡು ಸೂರ್ಯಕಾಂತಿಗೆ, ತೆನೆಗೆ, ಹೊಟ್ಟಿಗೆ, ಗೋವಿನಜೋಳದ ಕಾಳಿಗಲ್ಲ. ಈ ಕರಾರಿನ ಮೇಲೆ ಅಣ್ಣ ಒಪ್ಪಿದ.

ಎರಡು ಗಾಲಿಯೋ ನಾಲ್ಕು ಗಾಲಿಯೋ ಎಂಬುದು ಇನ್ನೊಂದು ಚರ್ಚೆ. ಎರಡು ಗಾಲಿಯದು ತನ್ನ ಭಾರದಲ್ಲಿ ಒಂದಿಷ್ಟನ್ನು ಕೊಂಡಿಯ ಮೇಲೆ ಹಾಕುತ್ತದೆ. ಟ್ರ್ಯಾಕ್ಟರ್‌ನ ಹಿಂಗಾಲಿ ನೆಲ ಕಚ್ಚಿ ಹಿಡಿಯುತ್ತದೆ, ಕೆಸರಿನಲ್ಲಿ ಒಳ್ಳೆಯದು. ಆದರೆ ಭಾರ ಹೆಚ್ಚಾದರೆ ಟ್ರ್ಯಾಕ್ಟರ್‌ನ ಮುಂಗಾಲಿ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ನಾಲ್ಕು ಗಾಲಿಯದು ತನ್ನ ಭಾರ ತಾನೇ ಹೊರುತ್ತದೆ, ಕಣದಲ್ಲಿ ಬಿಚ್ಚಿ ನಿಲ್ಲಿಸಿ ಟ್ರ್ಯಾಕ್ಟರನ್ನು ಬೇರೆ ಕೆಲಸಕ್ಕೆ ಒಯ್ಯಬಹುದು. ರಾಶಿಯ ದಿನ ಇದೇ ದೊಡ್ಡ ಅನುಕೂಲ. ನಾಲ್ಕು ಗಾಲಿ, ಡಬ್ಬಿಯನ್ನು ಎತ್ತಿ ಸುರಿಯುವ ಹೈಡ್ರಾಲಿಕ್ ಜಾಕ್ ಇರುವುದು ಎಂದು ಗಟ್ಟಿ ಮಾಡಿಕೊಂಡು ಹುಡುಕಲು ಹೊರಟೆವು.

ಹುಡುಕಾಟ

ಹಳೆಯ ಟ್ರೇಲರ್ ಕೊಳ್ಳುವ ಕಾಲವೆಂದರೆ ಕಬ್ಬಿನ ಹಂಗಾಮು ಮುಗಿದ ಮೇಲೆ. ಕಾರ್ಖಾನೆಗಳು ನುರಿಸುವುದನ್ನು ನಿಲ್ಲಿಸಿದೊಡನೆ ಮುಧೋಳ, ಜಮಖಂಡಿ, ಮಹಾಲಿಂಗಪುರದ ಸುತ್ತ ರಸ್ತೆ ಬದಿಯಲ್ಲಿ ಟ್ರೇಲರ್‌ಗಳು ಸಾಲಾಗಿ ನಿಲ್ಲುತ್ತವೆ. ಸಾಲದ ಕಂತು ತೀರಿಸಲು ಮಾರುವವರು, ಹೊಸದು ಮಾಡಿಸಲು ಮಾರುವವರು ಇಬ್ಬರೂ ಆಗಲೇ ಸಿಗುತ್ತಾರೆ. ತೊಡಕೆಂದರೆ ಕಬ್ಬಿನ ಟ್ರೇಲರ್‌ಗಳಲ್ಲಿ ಹೆಚ್ಚಿನವಕ್ಕೆ ಜಾಕ್ ಇರುವುದಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಕ್ರೇನ್ ಬಂದು ಹೊರೆಯನ್ನೇ ಎತ್ತಿಕೊಳ್ಳುವಾಗ ಜಾಕ್ ಯಾಕೆ ಬೇಕು? ಪಕ್ಕದ ತಗಡೂ ಇರುವುದಿಲ್ಲ, ಬರೀ ಗೂಟಗಳು. ಅಂಥದನ್ನು ಕೊಂಡು ಡಬ್ಬಿ ಕಟ್ಟಿಸಿ ಜಾಕ್ ಕೂರಿಸುವ ಹೊತ್ತಿಗೆ ಹೊಸದರ ಬೆಲೆಗೆ ಮುಟ್ಟುತ್ತೇವೆ.

ಹೊಳೆಯುವ ಬಣ್ಣದ ಒಂದನ್ನು ನೋಡಿದೆವು. ಮಾರುವವನು ಡಬ್ಬಿಯ ಮೇಲೆ ಬರೆಸಿದ ಹೂಬಳ್ಳಿಯನ್ನು ತೋರಿಸುತ್ತಿದ್ದಾಗ ನಾನು ಕೆಳಗೆ ನುಸುಳಿ ನೋಡಿದೆ. ಚಾಸಿಯ ಚಾನಲ್, ಅಂದರೆ ಉಕ್ಕಿನ ತೊಲೆ, ಸೀಳಿದ ಜಾಗಕ್ಕೆ ಪಟ್ಟಿ ಹಚ್ಚಿ, ಅದರ ಮೇಲೆ ಮತ್ತೊಂದು ಪಟ್ಟಿ ಹಚ್ಚಿದ್ದರು. ಮಾತು ಬೆಳೆಸಲಿಲ್ಲ. ಸಾಂಗ್ಲಿ ಕಡೆಯ ಇನ್ನೊಂದು ನಿಜಕ್ಕೂ ಚೆನ್ನಾಗಿತ್ತು. ಎಂಎಚ್-10 ನೋಂದಣಿ. ಬೇರೆ ರಾಜ್ಯದಿಂದ ತಂದರೆ ಅಲ್ಲಿನ ಆರ್‌ಟಿಒ ಕಚೇರಿಯಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ, ಇಲ್ಲಿ ಹೊಸ ಸಂಖ್ಯೆಗೆ ಮತ್ತೆ ಅರ್ಜಿ. ಅಷ್ಟು ಓಡಾಟಕ್ಕೆ ಬಿತ್ತನೆಯ ಮುಂದೆ ಪುರುಸೊತ್ತು ಎಲ್ಲಿ? ಮೂರನೆಯದಕ್ಕೆ ಆರ್‌ಸಿ, ಅಂದರೆ ನೋಂದಣಿ ಕಾಗದವೇ ಇರಲಿಲ್ಲ. "ಟ್ರೇಲರ್‌ಗೆ ಯಾರು ಆರ್‌ಸಿ ಕೇಳುತ್ತಾರೆ, ಸಾಹೇಬರೇ?" ಎಂದು ನಕ್ಕ. ಕೇಳುವವರು ಅಪಘಾತವಾದ ದಿನ ಬರುತ್ತಾರೆ. ಕಾನೂನಿನ ಕಣ್ಣಿನಲ್ಲಿ ಟ್ರೇಲರ್ ತಾನೇ ಒಂದು ವಾಹನ. ಟ್ರ್ಯಾಕ್ಟರ್‌ನ ವಿಮೆ ಇದ್ದ ಮಾತ್ರಕ್ಕೆ ಅದೂ ಅದರೊಳಗೆ ಬಂತೆಂದು ತಿಳಿಯಬಾರದು.

ಕೊನೆಗೆ ಸಿಕ್ಕಿದ್ದು ಜಮಖಂಡಿ ಕಡೆಯದು, ಕೆಎ-48. ಹಂಗಾಮಿನಲ್ಲಿ ಗೂಟ ಸಿಕ್ಕಿಸಿ ಕಬ್ಬು, ಉಳಿದ ದಿನಗಳಲ್ಲಿ ತಗಡು ಕೂರಿಸಿ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿ ಉಳಿದ ಪ್ರೆಸ್‌ಮಡ್ ಗೊಬ್ಬರ ಹೊತ್ತದ್ದು. ಬಣ್ಣ ಹೋಗಿತ್ತು, ಹಿಂಬಾಗಿಲು ಸೊಟ್ಟಗಿತ್ತು, ನೋಡಲು ದರಿದ್ರವಾಗಿತ್ತು. ನನಗೆ ಅದೇ ಹಿಡಿಸಿತು. ಮುಚ್ಚಿಟ್ಟದ್ದು ಏನೂ ಇರಲಿಲ್ಲ.

ಪರೀಕ್ಷೆಗೆ ಬೇಕಾದದ್ದು ಸುತ್ತಿಗೆ, ದಾರ, ಗಾಲಿ ಎತ್ತುವ ಜಾಕ್, ಸೀಮೆಸುಣ್ಣ ಅಷ್ಟೆ. ಚಾನಲ್‌ನ ಎರಡು ತುದಿಗೆ ದಾರ ಬಿಗಿದು ಕಟ್ಟಿದರೆ ನಡು ಎಷ್ಟು ಬಾಗಿದೆ ಎಂದು ತಿಳಿಯುತ್ತದೆ. ಇದರದು ಕಾಲು ಇಂಚಿಗಿಂತ ಕಡಿಮೆ. ಕಬ್ಬು ಹೊತ್ತ ವಸ್ತುವಿಗೆ ಅದು ಪುಣ್ಯವೇ ಸರಿ. ಪ್ರತಿ ಗಾಲಿಯನ್ನು ನೆಲದಿಂದ ಎತ್ತಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿದೆವು. ಹಿಂದಿನ ಎಡಗಾಲಿ ಕಟಕಟ ಎಂದಿತು, ತಿರುಗಿಸಿದರೆ ಮರಳು ಅರೆದ ಸದ್ದು. ಬೇರಿಂಗ್ ಹೋಗಿದೆ, ಸರಿ, ಅದು ಬದಲಾಯಿಸುವ ವಸ್ತು. ಆಕ್ಸಲ್ ಬಾಗಿದ್ದರೆ ಟೈರಿನ ಒಂದೇ ಅಂಚು ಸವೆದಿರುತ್ತದೆ. ಇಲ್ಲಿ ನಾಲ್ಕೂ ಸಮವಾಗಿ ಸವೆದಿದ್ದವು. ಟ್ರ್ಯಾಕ್ಟರ್‌ಗೆ ಕೂಡಿಸುವ ಮೂಕಿಯ ಕೊಂಡಿಯ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಮುಂಗಾಲಿಗಳನ್ನು ತಿರುಗಿಸುವ ಟರ್ನ್‌ಟೇಬಲ್‌ನಲ್ಲಿ ಗ್ರೀಸ್ ಎಂಬುದನ್ನು ಕಂಡವರಿಲ್ಲ.

ಡಬ್ಬಿಯ ತಳವನ್ನು ಸುತ್ತಿಗೆಯಿಂದ ಗೇಣು ಗೇಣಿಗೆ ತಟ್ಟುತ್ತ ಹೋದೆ. ಗಟ್ಟಿ ಇದ್ದಲ್ಲಿ ಠಣ್ ಎನ್ನುತ್ತದೆ, ತಿಂದು ಹೋದಲ್ಲಿ ದಬ್ ಎನ್ನುತ್ತದೆ. ಮುಂಭಾಗ ಹಾಡಿತು. ಹಿಂದಿನ ಮೂರನೇ ಒಂದು ಭಾಗ, ಹಸಿ ಪ್ರೆಸ್‌ಮಡ್ ನಿಂತು ನೀರು ಬಿಟ್ಟ ಕಡೆ, ಸುತ್ತಿಗೆಯ ಮೂತಿಯೇ ಒಳಗೆ ಇಳಿಯಿತು. ಮಾರುವವನ ಮುಖ ಸಣ್ಣದಾಯಿತು. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಅಷ್ಟು ತಗಡಿನ ತೂಕ ಅವನ ಎದುರಿಗೇ ಲೆಕ್ಕ ಮಾಡಿದೆ. ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ 7.85 ಕಿಲೋ. 4 ಮಿಲಿಮೀಟರ್ ಹಾಕಿದರೆ ಹಿಂದಿನ ಭಾಗಕ್ಕೆ ಹೆಚ್ಚುಕಡಿಮೆ 76 ಕಿಲೋ, ಅದರ ಮೇಲೆ ಕೂಲಿ. ಕೇಳಿದ್ದು 1,40,000. ಮುಗಿದದ್ದು 1,22,000ಕ್ಕೆ.

ಜಾಕ್ ಪರೀಕ್ಷೆ ಖಾಲಿ ಡಬ್ಬಿಯಲ್ಲಿ ಮಾಡಿ ಪ್ರಯೋಜನವಿಲ್ಲ. ಅವರ ಅಂಗಳದಲ್ಲಿದ್ದ ಗೊಬ್ಬರವನ್ನೇ ಅರ್ಧ ತುಂಬಿಸಿ ಎತ್ತಿಸಿದೆವು, ಜಾಕಿನ ದಂಡದ ಮೇಲೆ ಗುರುತು ಹಾಕಿದೆವು. ನಿಧಾನವಾಗಿ ಇಳಿಯತೊಡಗಿತು. ಇಲ್ಲಿ ಒಂದು ಸಂಗತಿ ಗೊತ್ತಿದ್ದರೆ ಒಳ್ಳೆಯದು. ಟ್ರೇಲರ್‌ನ ಜಾಕ್ ಸಾಮಾನ್ಯವಾಗಿ ಎಣ್ಣೆಯ ಒತ್ತಡದಿಂದ ಮೇಲೇಳುತ್ತದೆ, ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಎತ್ತಿದ ಡಬ್ಬಿಯ ಕೆಳಗೆ ಮೊದಲು ಗಟ್ಟಿಯಾದ ಊರುಗೋಲು ನಿಲ್ಲಿಸಬೇಕು. ಆಮೇಲೆ ಡಬ್ಬಿಗೂ ಊರುಗೋಲಿಗೂ ನಡುವೆ ಬೆರಳಗಲ ಸಂದು ಇರುವಂತೆ ನೋಡಿಕೊಂಡರೆ ಸೋರಿಕೆ ಎಲ್ಲಿದೆ ಎಂಬುದು ಬಯಲಾಗುತ್ತದೆ. ಇಳಿಯುವಾಗ ಜಾಕಿನಿಂದ ಎಣ್ಣೆ ಹೊರಗೆ ಜಿನುಗಿದರೆ ಅದರ ಸೀಲು ಹೋಗಿದೆ. ಎಲ್ಲೂ ಜಿನುಗದೆ ಇಳಿದರೆ ತಪ್ಪು ಟ್ರ್ಯಾಕ್ಟರ್‌ನ ವಾಲ್ವಿನದು. ನಮ್ಮದು ಇಳಿಯಿತು, ಜಿನುಗಿತು. ದಂಡದ ಕ್ರೋಮ್ ಮೇಲೆ ಬೆರಳಾಡಿಸಿದಾಗ ಗೀರು, ಗುಳಿ ಸಿಗಲಿಲ್ಲ, ಹಾಗಾಗಿ ಸೀಲ್ ಕಿಟ್‌ನಲ್ಲಿ ಮುಗಿಯುವ ಕೆಲಸ. ಕ್ರೋಮ್ ತಿಂದು ಹೋಗಿದ್ದರೆ ಬೆಳಗಾವಿಯ ಉದ್ಯಮಬಾಗಕ್ಕೆ ಕಳಿಸಬೇಕಾಗುತ್ತಿತ್ತು. ಹೈಡ್ರಾಲಿಕ್ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಅದೇ ಊರು.

ಕಾಗದಕ್ಕೆ ಬಂದರೆ, ಆರ್‌ಸಿಯಲ್ಲಿದ್ದ ಚಾಸಿ ನಂಬರು ಮೂಕಿಯ ಬುಡದಲ್ಲಿ ಕೊರೆದದ್ದಕ್ಕೆ ಹೊಂದಬೇಕು. ತುಕ್ಕು ಉಜ್ಜಿ, ತೆಳು ಕಾಗದ ಇಟ್ಟು ಪೆನ್ಸಿಲ್ ತೀಡಿದಾಗ ಅಂಕಿಗಳು ಒಂದೊಂದಾಗಿ ಎದ್ದು ಬಂದವು, ನಡುವಿನ ಒಂದು ಅಂಕಿ 3 ಹೌದೋ 8 ಹೌದೋ ಎಂದು ಮಾತ್ರ ಎರಡು ಸಲ ತೀಡಬೇಕಾಯಿತು. ಹಳೆಯ ಬ್ಯಾಂಕ್ ಸಾಲ ಆರ್‌ಸಿಯಲ್ಲಿ ಇನ್ನೂ ನಮೂದಾಗಿತ್ತು. ಸಾಲ ತೀರಿದ್ದರೂ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಇಲ್ಲದೆ ಅದು ಅಳಿಯುವುದಿಲ್ಲ. ಅದು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಲಿಲ್ಲ. ಮಾಲೀಕತ್ವ ಬದಲಾವಣೆಗೆ ಫಾರ್ಮ್ 29, 30. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ಸಂಖ್ಯೆ ಕೆಎ-48 ಇದ್ದದ್ದು ಹಾಗೇ ಇರುತ್ತದೆ.

ಬಿಚ್ಚಿದ ಮೇಲೆ

ಮೊದಲ ಕೆಲಸ ತೊಳೆಯುವುದು. ಕಬ್ಬಿನ ರಸ, ಗೊಬ್ಬರ, ಮಣ್ಣು ಸೇರಿ ಮೂಲೆಗಳಲ್ಲಿ ಕರಿಯ ಅಂಟು ಕಟ್ಟಿತ್ತು. ಅದರ ಕೆಳಗೇ ತುಕ್ಕಿನ ಸಂಸಾರ. ಪಂಪ್‌ಸೆಟ್‌ನ ನೀರು ಬಿಟ್ಟು, ಕೆರೆದು, ಬಿಸಿಲಿಗೆ ಒಣಗಿಸಿ, ತಂತಿ ಬ್ರಷ್ ಹಚ್ಚಿದ ಮೇಲೆ ಸುತ್ತಿಗೆ ಹೇಳಿದ್ದೇ ನಿಜವೆಂದು ಕಂಡಿತು. ಕೊಳೆತದ್ದು ತಗಡು ಮಾತ್ರ, ಕೆಳಗಿನ ಅಡ್ಡ ಚಾನಲ್‌ಗಳು ಗಟ್ಟಿ.

ವೆಲ್ಡಿಂಗ್‌ಗೆ ಕಲಾದಗಿಯಿಂದ ನಮ್ಮ ಹಳೆಯ ಚಾಚಾ ಬಂದರು. ಬಂದವರೇ "ಟ್ರ್ಯಾಕ್ಟರ್ ಬಿಚ್ಚಿ ದೂರ ನಿಲ್ಲಿಸು ತಮ್ಮಾ, ಆಮೇಲೆ ಮಷಿನ್ ಶುರು ಮಾಡುತ್ತೇನೆ" ಎಂದರು. ಕೊಂಡಿ ಹಾಕಿದ್ದಾಗಲೇ ವೆಲ್ಡ್ ಮಾಡಿದರೆ ಕರೆಂಟು ದಾರಿ ಹುಡುಕಿಕೊಂಡು ಟ್ರ್ಯಾಕ್ಟರ್‌ನ ಆಲ್ಟರ್ನೇಟರ್‌ವರೆಗೆ ಹೋಗಬಹುದು. ಅರ್ಥಿಂಗ್ ಕ್ಲಾಂಪನ್ನು ಗಾಲಿಯ ಕಡೆ ಎಲ್ಲೋ ಸಿಕ್ಕಿಸಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದರ ಉರುಳೆಗಳನ್ನು ಸುಡುತ್ತದೆ. ಚಾಚಾ ಪ್ರತಿ ಸಲವೂ ಕ್ಲಾಂಪನ್ನು ಬೆಸೆಯುವ ಜಾಗದ ಮಗ್ಗುಲಿಗೇ ಸರಿಸಿಕೊಳ್ಳುತ್ತಿದ್ದರು. ಜಾಕಿನ ದಂಡಕ್ಕೆ, ರಬ್ಬರ್ ಪೈಪಿಗೆ ಹಸಿ ಗೋಣಿಚೀಲ ಸುತ್ತಿಸಿದರು. ಕಿಡಿ ಬಿದ್ದು ಕ್ರೋಮ್ ಮೇಲೆ ಅಂಟಿದರೆ ಹೊಸ ಸೀಲು ಒಂದೇ ಹಂಗಾಮಿಗೆ ಹರಿಯುತ್ತದೆ.

ಹೊಸ ತಗಡನ್ನು ಒಂದೇ ಎಳೆತಕ್ಕೆ ಬೆಸೆಯಲಿಲ್ಲ. ಮೊದಲು ಅಲ್ಲಲ್ಲಿ ಟಾಕಾ, ಆಮೇಲೆ ಈ ಮೂಲೆಯಲ್ಲಿ ಎರಡು ಇಂಚು, ಎದುರಿನ ಮೂಲೆಯಲ್ಲಿ ಎರಡು ಇಂಚು. ಕಾವು ಒಂದೇ ಕಡೆ ಕೂಡಿದರೆ ತಗಡು ಉಬ್ಬಿ ಅಲೆ ಏಳುತ್ತದೆ, ಆ ಅಲೆಯ ತಗ್ಗಿನಲ್ಲಿ ಮತ್ತೆ ನೀರು ನಿಲ್ಲುತ್ತದೆ. ಹಳೆಯ ತಗಡಿನ ಅಂಚನ್ನು ಹೊಸದರ ಮೇಲೆ ಬರುವಂತೆ ಇಟ್ಟೆವು, ಡಬ್ಬಿ ಎತ್ತಿದಾಗ ಜಾರುವ ಕಾಳು ಹಿಂದಕ್ಕೆ ಹರಿಯುವುದರಿಂದ ಎಲ್ಲೂ ಅಡ್ಡ ಸಿಗಬಾರದು. ಕೊಂಡಿಯ ತೂತಿಗೆ ಹೊಸ ಬುಶ್ ಕೂತಿತು.

ಹಿಂದಿನ ಎಡಗಾಲಿಯ ನಡುವಿನ ಹಬ್ ಬಿಚ್ಚಿದರೆ ಗ್ರೀಸ್ ಬದಲು ಕಂದು ರಾಡಿ. ಬೇರಿಂಗ್‌ನ ಹೊರ ಕಪ್ಪಿನಲ್ಲಿ, ಅಂದರೆ ಉರುಳೆಗಳು ಓಡುವ ಉಕ್ಕಿನ ಬಳೆಯಲ್ಲಿ, ಗುಳಿಗಳು, ಒಂದು ಬದಿ ನೀಲಿ. ಸಂಖ್ಯೆ 32211. ಈ ಸಂಖ್ಯೆಯ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳ ತೂತಿನ ಅಳತೆ ಸಿಗುತ್ತದೆ, 11 ಎಂದರೆ 55 ಮಿಲಿಮೀಟರ್. ಹಳೆಯದರ ಮೇಲಿನ ಸಂಖ್ಯೆ ಅರ್ಧ ಅಳಿಸಿದ್ದಾಗ ಅಂಗಡಿಯಲ್ಲಿ ಇದು ಕೆಲಸಕ್ಕೆ ಬರುತ್ತದೆ. ಒಳಗಿನ ಉರುಳೆ ಬದಲಿಸಿ ಹೊರ ಕಪ್ಪು ಹಳೆಯದೇ ಬಿಡುವ ಜಿಪುಣತನ ಬೇಡ. ಗುಳಿ ಬಿದ್ದ ಕಪ್ಪು ಹೊಸ ಉರುಳೆಯನ್ನು ಬಲು ಬೇಗ ತಿನ್ನುತ್ತದೆ. ಗ್ರೀಸನ್ನು ಅಂಗೈಯಲ್ಲಿಟ್ಟುಕೊಂಡು ಬೇರಿಂಗ್‌ನ ಅಗಲ ಬದಿಯಿಂದ ಒತ್ತುತ್ತಾ ಹೋಗಬೇಕು, ಇನ್ನೊಂದು ಬದಿಯಲ್ಲಿ ಅದು ಎಳೆ ಎಳೆಯಾಗಿ ಹೊರಬಂದಾಗಲೇ ತುಂಬಿತೆಂದು ಲೆಕ್ಕ. ನಟ್ಟನ್ನು ಹಬ್ ತಿರುಗಿಸುತ್ತಲೇ ಬಿಗಿದು, ತುಸು ಹಿಂದಕ್ಕೆ ಬಿಟ್ಟು, ಸ್ಪ್ಲಿಟ್ ಪಿನ್ ಹಾಕಿದೆವು. ಗಾಲಿ ಸಲೀಸಾಗಿ ತಿರುಗಬೇಕು, ಅಲುಗಬಾರದು. ಒಂದು ಹಬ್ ಹೀಗಿದ್ದ ಮೇಲೆ ಉಳಿದ ಮೂರನ್ನು ನಂಬುವುದು ಹೇಗೆ, ಅವನ್ನೂ ಬಿಚ್ಚಿ ತೊಳೆದು ಗ್ರೀಸ್ ತುಂಬಿದೆವು.

ಜಾಕಿನ ಸೀಲು ಮುಧೋಳದಲ್ಲಿ ಆಯಿತು. ಅದರೊಳಗಿನ ಹಳೆಯ ಎಣ್ಣೆಯನ್ನು ಪೂರ್ತಿ ಚೆಲ್ಲಿದೆವು. ನಮ್ಮ ಟ್ರ್ಯಾಕ್ಟರ್‌ನಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್‌ಗೂ ಒಂದೇ ಎಣ್ಣೆ; ಯಾವ ಯಾವುದೋ ಟ್ರ್ಯಾಕ್ಟರ್ ಕಟ್ಟಿಸಿಕೊಂಡ ಜಾಕಿನ ಹೊಲಸು ನೇರ ನಮ್ಮ ಗೇರಿಗೆ ಬರುತ್ತದೆ. ಇನ್ನೊಂದು ಮಾತು. 100 ಮಿಲಿಮೀಟರ್ ಒಳವ್ಯಾಸದ ಜಾಕ್ ಒಂದು ಮೀಟರ್ ಮೇಲೆದ್ದರೆ ಸುಮಾರು 8 ಲೀಟರ್ ಎಣ್ಣೆ ಟ್ರ್ಯಾಕ್ಟರ್‌ನಿಂದ ಹೊರಗೆ ಹೋಗಿರುತ್ತದೆ. ಎಣ್ಣೆ ಮೊದಲೇ ಕಡಿಮೆ ಇದ್ದರೆ ಡಬ್ಬಿ ಅರ್ಧಕ್ಕೆ ನಿಂತು ನಡುಗುತ್ತದೆ, ಪಂಪು ಗಾಳಿ ಎಳೆಯುತ್ತದೆ. ಜನ ಅದಕ್ಕೆ ಪಂಪು ಹೋಯಿತೆಂದು ಬಿಚ್ಚಿಸುತ್ತಾರೆ.

ಕಾಳು ಸೋರದಂತೆ

ಗೊಬ್ಬರ ಹೊರುವ ಡಬ್ಬಿಗೂ ಕಾಳು ಹೊರುವ ಡಬ್ಬಿಗೂ ಇರುವ ವ್ಯತ್ಯಾಸ ಸಂದುಗಳಲ್ಲಿದೆ. ಸಂಜೆ ಕತ್ತಲಾದ ಮೇಲೆ ತಾಡಪತ್ರಿ ಹೊದಿಸಿ, ಒಳಗೆ ಬ್ಯಾಟರಿ ದೀಪವಿಟ್ಟು ಸುತ್ತ ನಡೆದೆವು. ಹಿಂಬಾಗಿಲಿನ ತಳ, ಬಿಜಾಗರಿಗಳ ಮಗ್ಗುಲು, ಗೂಟ ಸಿಕ್ಕಿಸುತ್ತಿದ್ದ ತೂತುಗಳು, ಎಲ್ಲೆಂದರಲ್ಲಿ ಬೆಳಕು. ಬಿಳಿಜೋಳ, ಸೂರ್ಯಕಾಂತಿ ಎಲ್ಲವೂ ಹೆದ್ದಾರಿಯ ಪಾಲಾಗುವಷ್ಟು. ಗೂಟದ ತೂತಿಗೆ ತಗಡು ಬೆಸೆದೆವು. ಹಿಂಬಾಗಿಲನ್ನು ಕಾಯಿಸಿ ನೇರ ಮಾಡಿ, ಅಂಚಿಗೆ ಗುಜರಿಯಲ್ಲಿ ಸಿಕ್ಕ ಹಳೆಯ ಕನ್ವೇಯರ್ ಬೆಲ್ಟ್ ಸೀಳಿ, ಮೇಲೊಂದು ಪಟ್ಟಿ ಇಟ್ಟು ಬೋಲ್ಟ್ ಹಾಕಿದೆವು. ಮಾರುಕಟ್ಟೆಯಲ್ಲಿ ಸಿಗುವ ಮೆತ್ತನೆಯ ರಬ್ಬರ್ ನಮ್ಮ ಬಿಸಿಲಿಗೆ ಒಂದು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಬೆಲ್ಟ್ ಹಾಗಲ್ಲ.

ಹಿಂಬಾಗಿಲಿನ ನಡುವೆ ಒಂದಡಿ ಚೌಕದ ಕಿಂಡಿ ಕೊಯ್ಸಿ, ಮೇಲೆ ಕೆಳಗೆ ಜಾರುವ ಮುಚ್ಚಳ ಇಡಿಸಿದ್ದು ಇಡೀ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ. ಮನೆಗೆ, ಬೀಜಕ್ಕೆ, ದನಕ್ಕೆ ಎಂದು ಒಂದಿಷ್ಟು ಚೀಲ ತುಂಬಲೇಬೇಕು. ಡಬ್ಬಿಯನ್ನು ಸ್ವಲ್ಪ ಎತ್ತಿ, ಕಿಂಡಿಯ ಕೆಳಗೆ ಚೀಲದ ಬಾಯಿ ಹಿಡಿದರೆ ಒಬ್ಬನೇ ತುಂಬಬಹುದು. ಚಾಚಾ ಇದಕ್ಕೆ ಬೇರೆ ಕೂಲಿ ಹಿಡಿಯಲಿಲ್ಲ, ಚಹಾ ಮಾತ್ರ ಎರಡು ಸಲ ಹೆಚ್ಚು ಕೇಳಿದರು.

ಪಕ್ಕದ ಎತ್ತರದ ತಗಡುಗಳು ಬಿಚ್ಚಿ ಹಾಕುವಂಥವು. ಕಾಳು ನೀರಿನ ಹಾಗೆ ಹೊರಕ್ಕೆ ಒತ್ತುತ್ತದೆ, ಉದ್ದನೆಯ ತಗಡಿನ ನಡು ಹೊಟ್ಟೆ ಬಿಡುತ್ತದೆ. ಎರಡೂ ಬದಿಯ ನಡುವನ್ನು ಮೇಲಿನಿಂದ ಒಂದು ಸರಪಳಿಯಲ್ಲಿ ಬಿಗಿದಿದ್ದೇವೆ. ಹೊರಗೆ ರೆಡ್ ಆಕ್ಸೈಡ್ ಮೇಲೆ ನೀಲಿ ಬಣ್ಣ. ಒಳಗೆ ಬಣ್ಣ ಬೇಡವೆಂದೆ, ಜಾರುವ ಕಾಳು ಅದನ್ನು ಕೆತ್ತಿ ತನ್ನೊಳಗೆ ಬೆರೆಸಿಕೊಳ್ಳುತ್ತದೆ. ಒಂದೆರಡು ಲೋಡು ಹೋದ ಮೇಲೆ ತಗಡು ತಾನೇ ಕನ್ನಡಿಯಾಗುತ್ತದೆ.

ಮೊದಲ ಲೋಡು

ಲೋಕಾಪುರದಲ್ಲಿ ಮೊದಲು ಖಾಲಿ ಟ್ರೇಲರನ್ನಷ್ಟೇ ತೂಗಿಸಿದೆವು: 2,150 ಕಿಲೋ. ರಾಶಿಯ ಮರುದಿನ ಗೋವಿನಜೋಳವನ್ನು ಮೂಲ ತಗಡಿನ ಅಂಚಿನವರೆಗೆ ತುಂಬಿ ಒಯ್ದಾಗ ಕಾಳಿನ ತೂಕ 4,060 ಬಂತು. ಮನೆಯಲ್ಲಿ ಹಾಕಿದ ಲೆಕ್ಕಕ್ಕೆ ಹತ್ತಿರವೇ; ನಡುವೆ ತುಸು ಗುಪ್ಪೆ ಇತ್ತು. ದಾರಿಯಲ್ಲಿ ಕೆಲವು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಹಬ್‌ಗಳನ್ನು ಕೈಯಿಂದ ಮುಟ್ಟಿ ನೋಡಿದೆ. ಬೆಚ್ಚಗಿದ್ದವು, ಸುಡುತ್ತಿರಲಿಲ್ಲ. ಗಾಲಿ ನಟ್ಟುಗಳು ಮತ್ತೊಂದು ಎಳೆತ ತೆಗೆದುಕೊಂಡವು; ಬಿಚ್ಚಿ ಹಾಕಿದ ಗಾಲಿಗೆ ಇದು ಆಗಲೇಬೇಕು. ಟ್ರ್ಯಾಕ್ಟರ್‌ನ ಎರಡು ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬಂದೊಡನೆ ಕೂಡಿಸುವ ಪಟ್ಟಿ ಹಾಕಿದೆಯೇ ಎಂದು ನಾನು ಕೇಳುತ್ತಲೇ ಇದ್ದೆ, ಅಣ್ಣ ಹೂಂಗುಡುತ್ತಲೇ ಇದ್ದ. ಹೊಲದಲ್ಲಿ ಒಂದೊಂದೇ ಒತ್ತಿ ತಿರುಗಿಸುವ ರೂಢಿಯಲ್ಲಿ ಆ ಪಟ್ಟಿಯನ್ನು ಮರೆತು ರಸ್ತೆಯಲ್ಲಿ ಒಂದೇ ಬದಿಗೆ ಬ್ರೇಕು ಬಿದ್ದರೆ ಹಿಂದಿನ 6 ಟನ್ ಕ್ಷಮಿಸುವುದಿಲ್ಲ. ಇಳಿಜಾರಿನಲ್ಲಿ ಏರುವಾಗಿನ ಗೇರೇ, ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಚಟ ನಮ್ಮಲ್ಲಿಲ್ಲ.

ಎತ್ತುವ ಜಾಗದ ವಿಷಯದಲ್ಲಿ ಎರಡು ಕಟ್ಟುನಿಟ್ಟು ಇಟ್ಟುಕೊಂಡಿದ್ದೇವೆ. ಎರೆ ಹೊಲದಲ್ಲಿ ಮಳೆಯಾದ ಮೇಲೆ ಎತ್ತುವುದಿಲ್ಲ. ಒಂದು ಗಾಲಿ ಕುಸಿದರೆ ಮೇಲೆದ್ದ ಡಬ್ಬಿ ಮಗ್ಗುಲಿಗೆ ಉರುಳುತ್ತದೆ. ಪಂಪ್‌ಸೆಟ್ ತಂತಿಯ ಕೆಳಗೂ ಎತ್ತುವುದಿಲ್ಲ. ಜೋತುಬಿದ್ದ ತಂತಿ ಕೆಳಗಿನಿಂದ ನೋಡುವಾಗ ಎತ್ತರವಾಗಿಯೇ ಕಾಣುತ್ತದೆ, ಡಬ್ಬಿ ಮೇಲೆದ್ದಾಗ ಹಾಗಿರುವುದಿಲ್ಲ. ಒಣ ಕಾಳಿಗೆ ಪೂರ್ತಿ ಎತ್ತುವ ಅಗತ್ಯವೂ ಇಲ್ಲ, 30 ಡಿಗ್ರಿ ಮುಟ್ಟುವ ಮೊದಲೇ ಸರಸರ ಇಳಿಯತೊಡಗುತ್ತದೆ. ಹಿಂಬಾಗಿಲ ಚಿಲಕ ತೆಗೆಯದೆ ಎತ್ತಿದರೆ ಮಾತ್ರ ಭಾರವೆಲ್ಲ ಹಿಂದೆ ಕೂಡಿ ಮುಂಭಾಗ ಏಳುವ ಅಪಾಯವಿದೆ.

ಉಳಿದ ಕೆಲಸ: ಹಿಂದಿನ ದೀಪದ ವೈರಿಂಗ್ ಇನ್ನೂ ತಾತ್ಕಾಲಿಕ. ಹೊಳೆಯುವ ಕೆಂಪು, ಹಳದಿ ಪಟ್ಟಿಗಳನ್ನಂತೂ ಹೊಲದಿಂದ ಹೊರಬೀಳುವ ಮೊದಲೇ ಅಂಟಿಸಿದ್ದೇವೆ. ಕಬ್ಬಿನ ಹಂಗಾಮಿನಲ್ಲಿ ದೀಪವಿಲ್ಲದೆ ನಿಂತ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದವರ ಸುದ್ದಿಯನ್ನು ಪ್ರತಿ ವರ್ಷ ಓದುವ ಸೀಮೆ ನಮ್ಮದು. ಬಾಡಿಗೆಗೆ ಕೇಳುವವರು ಆಗಲೇ ಬಾಗಿಲಿಗೆ ಬಂದಿದ್ದಾರೆ, ಅದರಲ್ಲೂ ಗರಸು ಹೊರಲು. ಗರಸಿನ ಕಲ್ಲು ಮೇಲಿನಿಂದ ಬಿದ್ದರೆ ಹೊಸ ತಳ ಎರಡು ತಿಂಗಳಲ್ಲಿ ತಗ್ಗು ದಿಣ್ಣೆಯಾಗುತ್ತದೆ; ಕೃಷಿಗೆಂದು ಮಾಡಿಸಿದ ವಿಮೆ ಬಾಡಿಗೆಯ ಗರಸಿಗೆ ಬರುವುದೂ ಇಲ್ಲ. ಕೊಡುವುದಿಲ್ಲವೆಂದು ಹೇಳುವ ಕೆಲಸವನ್ನು ಅಣ್ಣ ನನಗೆ ಬಿಟ್ಟಿದ್ದಾನೆ.